ಪುಸ್ತಕದ ಹದಿನಾರು, ರಸ್ತೆಯ ಹನ್ನೊಂದು

ಒಂದೂರಿನಲ್ಲಿ ಚನಮಲ್ಲಪ್ಪ ಎಂಬ ಸಾಹುಕಾರನಿದ್ದ. ಹೊಸ ಪಿಕಪ್ ಗಾಡಿ ಕೊಂಡಿದ್ದ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ 'ಲೀಟರಿಗೆ ಹದಿನಾರು ಕಿಲೋಮೀಟರ್' ಎಂದು ಅಚ್ಚಾಗಿತ್ತು. ನೋಡಿ, ಅಚ್ಚಾದದ್ದನ್ನು ಕಂಡರೆ ನಮಗೆ ಎಂಥ ಭಕ್ತಿ! ಸಾಹುಕಾರ ಆ ಪುಸ್ತಕವನ್ನು ದೇವರ ಜಗಲಿಯ ಮೇಲೆಯೇ ಇಟ್ಟಿದ್ದ. ಆದರೆ ಗಾಡಿ ಓಡುತ್ತಿದ್ದದ್ದು ಹನ್ನೊಂದು. ಉಳಿದ ಐದು ಎಲ್ಲಿ ಹೋಯಿತು? ಸಾಹುಕಾರನಿಗೆ ಒಂದೇ ಉತ್ತರ ಹೊಳೆಯಿತು: ಡ್ರೈವರ್ ಮಕ್ತುಮಸಾಬ ಡೀಸೆಲ್ ಕದಿಯುತ್ತಾನೆ!

ಎರಡು ತಿಂಗಳು ಅದನ್ನೇ ಹೇಳಿದ. ಕಟ್ಟೆಯ ಮೇಲೆ ಹೇಳಿದ, ಚಹಾದಂಗಡಿಯಲ್ಲಿ ಹೇಳಿದ. "ಹೇರು ತುಂಬಿದ ಗಾಡಿರಿ ಸಾವ್ಕಾರ್ರ, ರಸ್ತಾನೂ ಏರೈತಿ. ಪುಸ್ತಕದವ್ರು ಸಪಾಟ ರಸ್ತಾದಾಗ ಓಡಿಸಿ ನೋಡ್ಯಾರ" ಎಂದು ಮಕ್ತುಮಸಾಬ ಹೇಳಿದರೆ ಯಾರು ಕೇಳಬೇಕು? ಅವನ ಹೆಂಡತಿ ಕೊಡ ಹಿಡಿದು ನಲ್ಲಿಗೆ ಬಂದರೆ ಉಳಿದವರ ಮಾತು ನಿಲ್ಲುತ್ತಿತ್ತು. ಏಕೆ? ಕಳ್ಳನ ಹೆಂಡತಿ ಬಂದಳಲ್ಲ!

ಒಂದು ದಿನ ಊರಿನ ಎಂಟು ಪೈಲ್ವಾನರು ಸಾಹುಕಾರನ ಗಾಡಿಯಲ್ಲಿ ಪಕ್ಕದ ತಾಲೂಕಿನ ಕುಸ್ತಿಗೆ ಹೊರಟರು. ದಾರಿ ಐವತ್ತೆಂಟು ಕಿಲೋಮೀಟರ್. ಕಳ್ಳತನ ಹಿಡಿಯಲು ಇದೇ ಸಮಯವೆಂದು ಸಾಹುಕಾರ ಟ್ಯಾಂಕ್ ಖಾಲಿ ಮಾಡಿಸಿ, ತನ್ನ ಕೈಯಿಂದಲೇ ಐದು ಲೀಟರ್ ಅಳೆದು ಹಾಕಿದ. "ಎಂಬತ್ತು ಓಡತೈತಿ. ಇಪ್ಪತ್ತೆರಡು ಮಿಗತೈತಿ!" ಎಂದು ತಾನೇ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಎಂಟು ಪೈಲ್ವಾನರು, ಅವರಿಗೆ ಕುಸ್ತಿ ಕಲಿಸುವ ವಸ್ತಾದಿ ಭರಮಪ್ಪ, ಎರಡು ಚೀಲ ಬಾದಾಮಿ, ಒಂದು ಕೊಡ ತುಪ್ಪ. ಗಾಡಿ ಉಸಿರಾಡುವುದಾದರೂ ಹೇಗೆ?

ಕೊನೆಯ ಬಂಕಿನ ಹತ್ತಿರ ಮಕ್ತುಮಸಾಬ ಬ್ರೇಕ್ ಒತ್ತಿದ. "ಡೀಸೆಲ್ ಮುಳ್ಳು ಕೆಳಗ ಬಂದೈತ್ರಿ, ಹಾಕಸೂಣು."

"ಮುಳ್ಳು ಸುಳ್ಳ ಹೇಳತೈತಿ. ಪುಸ್ತಕ ಹೇಳೂದಿಲ್ಲ. ನಡಿ!"

ನಡೆಯಿತು. ಕುಸ್ತಿಯ ಊರು ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಾಗ ಗಾಡಿ ಒಂದು ಸಲ ಕೆಮ್ಮಿತು, ಎರಡು ಸಲ ಸೀನಿತು, ನಿಂತೇಬಿಟ್ಟಿತು.

ಮಕ್ತುಮಸಾಬ ಎರಡೂ ಕೈ ಮೇಲೆತ್ತಿದ. "ಇವತ್ತ ಯಾವಾಗ ಕದ್ದೆನ್ರಿ, ಸಾವ್ಕಾರ್ರ? ನಿಮ್ಮ ತೊಡಿ ಪಕ್ಕದಾಗ ಕುಂತಿದ್ನಲ್ರಿ."

ಸಾಹುಕಾರ ಸೀಟು ಬಿಟ್ಟು ಏಳಲಿಲ್ಲ. ಪೈಲ್ವಾನರು ಇಳಿದು ಗಾಡಿ ದಬ್ಬತೊಡಗಿದರು. ಗಾಡಿ ಅಲ್ಲಾಡಲಿಲ್ಲ. ಭರಮಪ್ಪ ಕಿಟಕಿಯಲ್ಲಿ ಇಣುಕಿದ. "ಸಾವ್ಕಾರ್ರ, ನಿಮ್ಮ ತೂಕ ಆ ಪುಸ್ತಕದಾಗ ಬರದಿಲ್ರಿ. ಇಳೀರಿ." ಇಳಿದ. ಧೋತರ ಮೇಲೆ ಕಟ್ಟಿ ತಾನೂ ದಬ್ಬಿದ. ಒಬ್ಬ ಪೈಲ್ವಾನ ನಕ್ಕ, ಇನ್ನೊಬ್ಬ ನಕ್ಕ, ನಕ್ಕು ನಕ್ಕು ಕೈ ಸೋತು ಗಾಡಿ ಹಿಂದಕ್ಕೆ ಬಂತು! ಕೊನೆಗೆ ಸಾಹುಕಾರನೂ ನಕ್ಕ.

ಅಖಾಡದಲ್ಲಿ ಏನಾಯಿತು ಗೊತ್ತೇ? ಗಾಡಿ ದಬ್ಬಿಕೊಂಡು ಬರುವವರನ್ನು ಕಂಡು ಎದುರಾಳಿ ಪೈಲ್ವಾನರ ಎದೆ ಝಲ್ಲೆಂದಿತು. ಮೈಕಿನವನು ಕೂಗಿದ: "ಏನ್ ಕಸರತ್ತು! ಗಾಡೀನ ದಬ್ಬಿಕೊಂತ ಬಂದಾರ್ರೀ! ಸಾವ್ಕಾರ್ರ ತಯಾರಿ ನೋಡ್ರಿ!" ಜನ ಚಪ್ಪಾಳೆ ತಟ್ಟಿದರು. ಸುಮ್ಮನಿದ್ದರೆ ಸಾಹುಕಾರನ ಮಾನ ಉಳಿಯುತ್ತಿತ್ತು. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರಾ? ನಾನಂತೂ ಇರುತ್ತಿದ್ದೆ, ಸುಳ್ಳೇಕೆ ಹೇಳಲಿ!

ಸಾಹುಕಾರ ಮೈಕ್ ಕಸಿದುಕೊಂಡ. "ಕಸರತ್ತಲ್ರೀ, ಡೀಸೆಲ್ ಮುಗೀತು. ಎರಡ ತಿಂಗಳ ಇವನ್ನ ಕಳ್ಳ ಅಂದೆ. ಇವ ಕಳ್ಳ ಅಲ್ಲ. ನಾ ಕುರುಡ." ಮಕ್ತುಮಸಾಬ ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮರುದಿನ ಸಾಹುಕಾರ ನಲ್ಲಿಯ ಹತ್ತಿರ ಹೋಗಿ ಅವನ ಹೆಂಡತಿಗೂ ಎಲ್ಲರೆದುರು ಕೈಮುಗಿದ.

ಈಗ ನಗು ಸಾಕು. ಅಲ್ಲಿ ಕಂಬದ ಹತ್ತಿರ ಕೂತು ಕಥೆ ಕೇಳುತ್ತಿರುವ ಅತ್ತೆಯರೇ, ಗ್ಯಾಸ್ ಸಿಲಿಂಡರ್ ಇಪ್ಪತ್ತೈದು ದಿನಕ್ಕೆ ಮುಗಿಯಿತೆಂದು ಸೊಸೆಯನ್ನು ಬೈದಿರಲ್ಲ? ನಿಮ್ಮ ಕಾಲದಲ್ಲಿ ಮನೆಯಲ್ಲಿದ್ದವರು ಮೂವರು. ಈಗ ಉಣ್ಣುವವರು ಒಂಬತ್ತು ಮಂದಿ. ಯಜಮಾನರೇ, ಎರಡು ಗಂಟೆಯ ಕೆಲಸ ಎಂದು ಆಳಿಗೆ ಹೇಳುತ್ತೀರಲ್ಲ, ಆ ಕೆಲಸವನ್ನು ಬಿಸಿಲಿನಲ್ಲಿ ನೀವು ಒಮ್ಮೆಯಾದರೂ ಮಾಡಿದ್ದೀರಾ?

ನಾಳೆಯಿಂದ ಯಾರನ್ನಾದರೂ ಬೈಯುವ ಮೊದಲು ಅವರ ಹೊರೆಯನ್ನು ಒಂದು ದಿನ ಹೊತ್ತು ನೋಡಿ. ಈಗಾಗಲೇ ಬೈದಿದ್ದರೆ, ಇವತ್ತು ಊಟಕ್ಕೆ ಕೂರುವ ಮೊದಲು ತಪ್ಪಾಯಿತು ಎನ್ನಿ. ಅಡುಗೆಮನೆಯ ಮೂಲೆಯಲ್ಲಿ ಪಿಸುಗುಟ್ಟಬೇಡಿ. ಬೈದಾಗ ಎಷ್ಟು ಮನೆಗೆ ಕೇಳಿಸಿತ್ತೋ, ಅಷ್ಟು ಮನೆಗೂ ಕೇಳಿಸುವಂತೆ ಹೇಳಿ.