ತೆನೆಯಲ್ಲಿ ಇನ್ನೂ ಹಾಲಿತ್ತು

ಒಂದೂರು. ಅಲ್ಲೊಬ್ಬ ಶ್ರೀಮಂತ. ಅವನ ಸಂಪತ್ತಿನ ಮಾತು ಬಿಡಿ, ನಾನು ಹೇಳಹೊರಟಿದ್ದು ಅವನ ಹೆಂಡತಿಯ ಕಥೆ.

ಊರಾಚೆ ಒಂದು ಹುಲ್ಲುಗಾವಲು. ಮಳೆಗಾಲವಿಡೀ ಅದಕ್ಕೆ ಮುಳ್ಳಿನ ಬೇಲಿ. ಮಹಾನವಮಿಯ ದಿನ ಆ ಶ್ರೀಮಂತನ ಮನೆಯ ಯಜಮಾನಿ ಮೊದಲ ಹಿಡಿ ಹುಲ್ಲು ಕೊಯ್ಯಬೇಕು, ಆಮೇಲೆ ಬೇಲಿ ಸರಿಸಿ ಊರ ದನ ಬಿಡಬೇಕು. ಮಹಾನವಮಿಯೇ ಏಕೆ? ಅಷ್ಟರಲ್ಲಿ ಹುಲ್ಲಿನ ಬೀಜ ಬಲಿತು ನೆಲಕ್ಕೆ ಉದುರಿರುತ್ತಿತ್ತು. ಮುಂದಿನ ವರ್ಷದ ಹುಲ್ಲು ಹುಟ್ಟುವುದು ಆ ಬೀಜದಿಂದ.

ಆದರೆ ನೋಡಿ, ಮಳೆ ತಡವಾಗತೊಡಗಿತು. ಹುಲ್ಲು ತಡವಾಗಿ ಚಿಗುರಿತು, ತಡವಾಗಿ ತೆನೆ ಬಿಟ್ಟಿತು. ಹಬ್ಬ ಮಾತ್ರ ತನ್ನ ದಿನಕ್ಕೇ ಬಂತು. ಒಂದು ವರ್ಷ ಅವಳು ತೆನೆಯನ್ನು ಉಗುರಿನಿಂದ ಹಿಸುಕಿದಾಗ ಹಾಲು ಒಸರಿತು; ಬೀಜ ಇನ್ನೂ ಬಲಿತಿರಲಿಲ್ಲ. ಕಂಡೂ ಕೊಯ್ದಳು. ಅಷ್ಟು ಜನರ ಮುಂದೆ ಬಾಯಿ ಬಿಡುವುದು ಹೇಗೆ? ಮರುವರ್ಷ ಅರ್ಧ ಹುಲ್ಲುಗಾವಲಿನಲ್ಲಿ ಹುಲ್ಲೇ ಇಲ್ಲ; ದನ ಮೂಸಿಯೂ ನೋಡದ ಕಳೆ ಎದ್ದಿತ್ತು. ಗಂಡ ಮಳೆಯನ್ನು ಬೈದ. ಅವಳು ಸುಮ್ಮನಿದ್ದಳು. ಹಾಗೆ ಸುಮ್ಮನಿರುವುದು ಎಷ್ಟು ಭಾರವೆಂದು ಇಲ್ಲಿ ಕೂತ ತಾಯಂದಿರಿಗೆ ನಾನು ಹೇಳಬೇಕೇ?

ಮತ್ತೆ ಮಹಾನವಮಿ ಬಂತು. ಬೇಲಿಯಾಚೆ ಹಸಿದ ದನ, ಅವುಗಳ ಹಿಂದೆ ಇಡೀ ಊರು. ಕುಡುಗೋಲು ಹಿಡಿದವಳು ಉಳಿದರ್ಧದ ತೆನೆ ಹಿಸುಕಿದಳು. ಹಾಲು.

“ಕುಯ್ಯೆ, ಜನ ನೋಡ್ತಾವ್ರೆ,” ಗಂಡ ಹಲ್ಲು ಕಚ್ಚಿ ಹೇಳಿದ.

“ಬೀಜ ಬಲಿತಿಲ್ಲ. ಇವತ್ತು ದನ ಬಿಟ್ರೆ ಬರೋ ವರ್ಷ ಇದೂ ಇರಲ್ಲ.”

“ಇದೇ ದಿನ ಕುಯ್ತಿದ್ದ ನಮ್ಮವ್ವನಿಗಿಂತ ನೀನು ತಿಳಿದೋಳಾ?”

“ಅತ್ತೆವ್ವನ ಕಾಲ್ದಾಗೆ ಮಳೆ ಹೊತ್ತಿಗೆ ಬರ್ತಿತ್ತು.”

ಗುಂಪಿನಲ್ಲಿದ್ದ ಒಬ್ಬ ಮುದುಕಿ ಬಾಯಿ ಹಾಕಿದಳು: “ನಿಮ್ಮನೇಲಿ ಬಣವೆ ಐತೆ ಗೌಡ್ತವ್ವ, ನೀವು ಕಾಯ್ತೀರ. ನನ್ನ ಎಮ್ಮೆಗೂ ಒಂದು ಮಾತು ಹೇಳ್ಬಿಡಿ, ಕಾದ್ರೆ ಕಾಯ್ಲಿ.”

ಜನ ನಕ್ಕರು. ಎಮ್ಮೆಯ ಪಕ್ಕೆಲುಬು ಯಜಮಾನಿಗೂ ಕಾಣುತ್ತಿತ್ತು. ಮೆಲ್ಲಗೆ ಬಗ್ಗಿ ಕುಡುಗೋಲನ್ನು ಗಂಡನ ಕಾಲ ಬಳಿ ಇಟ್ಟಳು.

“ದನ ನಮ್ಮ ಕಣಕ್ಕೆ ಹೊಡ್ಕಂಡು ಬನ್ನಿ. ಬೀಜ ಉದುರೋವರ್ಗೂ ನಮ್ಮ ಬಣವೆ ಹಂಚ್ಕಂಡು ತಿನ್ಲಿ.”

ಗಂಡನ ಮುಖ ನೋಡದೆ ಮನೆಯ ದಾರಿ ಹಿಡಿದಳು. ಬೆನ್ನ ಹಿಂದೆ ಗೊರಸಿನ ಸದ್ದು ಕೇಳುವವರೆಗೂ ಅವಳು ತಿರುಗಿ ನೋಡಲಿಲ್ಲ. ಮೊದಲು ಬಂದದ್ದು ಮುದುಕಿಯ ಎಮ್ಮೆ.

ಅವಳನ್ನು ಹೊಗಳಲೆಂದು ನಾನಿದನ್ನು ಹೇಳಲಿಲ್ಲ. ನಿಮ್ಮೂರಿಗೂ ಹಬ್ಬ ಬರುತ್ತಿದೆ. ಈ ಸಲ ಮಳೆ ಯಾವಾಗ ಬಂತು? ನಿಮಗೆ ಗೊತ್ತು. ಗೊತ್ತಿದ್ದೂ ಪಂಚಾಂಗ ತೋರಿಸುತ್ತೀರಿ. ಬೇಡ. ದನದ ಹಗ್ಗ ಬಿಚ್ಚುವ ಮೊದಲು ತೆನೆ ಹಿಸುಕಿ ನೋಡಿ. ಹಾಲು ಕಂಡರೆ ಹೇಳಿ. ಗಂಡನಿಗೆ ಹೇಳಿ, ಊರಿಗೆ ಹೇಳಿ, ಜನ ನಕ್ಕರೂ ಹೇಳಿ. ಇನ್ನು ಬಣವೆ ಇರುವವರೇ, ನೋಡಿ, ಇನ್ನೊಬ್ಬರಿಗೆ ‘ಕಾಯಿರಿ’ ಎನ್ನುವ ಮೊದಲು ನಿಮ್ಮ ಬಣವೆ ಬಿಚ್ಚಿ. ಒಳ್ಳೆಯ ಹುಲ್ಲನ್ನೇ ಕೊಡಿ. ಅಡಿಯಲ್ಲಿ ಕೊಳೆತದ್ದನ್ನು ಎಳೆದು ಕೊಡಬೇಡಿ.