ಬೀರಯ್ಯನ ಆಕ್ಸಲ್

ದೇವರಾಯನದುರ್ಗದ ನರಸಿಂಹಸ್ವಾಮಿಯ ಮೇಲೆ ಭಾರ ಹಾಕಿ ಹೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಇದು ನನ್ನ ಚಿಕ್ಕಪ್ಪನ ಮಗ ಜಯರಾಮಯ್ಯನಿಗೆ ಅರವತ್ತನಾಲ್ಕನೇ ಇಸವಿಯಲ್ಲಿ ಆದದ್ದು.

ಜಯರಾಮನ ಗ್ಯಾರೇಜು ತುಮಕೂರಿನಲ್ಲಿ, ಮನೆ ಗೂಳೂರಿನಲ್ಲಿ. ಆವತ್ತು ಕೆಲಸ ಮುಗಿಸಿ ನಡೆದುಕೊಂಡು ಬರುವಾಗ ರಾತ್ರಿ ಹತ್ತು ದಾಟಿತ್ತು. ಊರು ಇನ್ನು ಅರ್ಧ ಮೈಲಿ ಇದೆ ಎನ್ನುವಾಗ ರಸ್ತೆ ಇಳಿಜಾರಾಗಿ ಬಲಕ್ಕೆ ತಿರುಗುತ್ತದೆ. ತಿರುವಿನ ಎಡಕ್ಕೆ ಕಟ್ಟೆಯಿಲ್ಲದ ಹಳೇ ಬಾವಿ. ಅಲ್ಲಿಗೆ ಬಂದ... ಒಂದು ಸದ್ದು.

ಕಪ್ಪೆಯಲ್ಲ. ರಾಟೆಯೂ ಅಲ್ಲ. ಬಿಗಿದುಕೊಂಡ ಸ್ಟೇರಿಂಗನ್ನು ಯಾರೋ ಎರಡೂ ಕೈಯಲ್ಲಿ ಬಲವಂತವಾಗಿ ತಿರುಗಿಸುವ ಸದ್ದು. ಕಿರ್ರ್ರ್... ಕಟಕ್. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಮತ್ತೆ... ಕಿರ್ರ್ರ್... ಕಟಕ್. ಬಾವಿಯ ಒಳಗಿಂದ.

ಇಪ್ಪತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು ಅವನು, ಆ ಸದ್ದು ಅವನಿಗೆ ಗೊತ್ತಿಲ್ಲದ್ದಲ್ಲ. ಸ್ವಾಮಿಯ ನಾಮ ಹೇಳಿಕೊಳ್ಳುತ್ತ ನಡೆದ. ತಿರುಗಿ ನೋಡದೆ ಮನೆ ಸೇರಿದ.

ಅವನು ಅಷ್ಟು ಹೆದರಿದ್ದಕ್ಕೆ ಕಾರಣವಿತ್ತು.

ಗುಬ್ಬಿಯ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದ ಶಿವರಾಮಯ್ಯನವರು ಎಂದು ಒಬ್ಬರು. ಎಡಗಡೆ ಸ್ಟೇರಿಂಗಿನ ಮಿಲಿಟರಿ ಹರಾಜಿನ ಜೀಪು ಅವರದು. ಪ್ರತಿ ಶನಿವಾರ ತಾವೇ ಓಡಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಿದ್ದರು. ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಒಂಟಿ ಕೈಗೆ ಆ ಸ್ಟೇರಿಂಗು ಬಗ್ಗುವುದಿಲ್ಲ. ಡ್ರೈವರನ್ನು ಇಟ್ಟುಕೊಳ್ಳಿ ಎಂದರೆ, ಮೂಟೆಯ ಹಾಗೆ ಕೂತು ಹೋಗಿ ಸ್ವಾಮಿಯ ಮುಂದೆ ಇಳಿಯಲಾರೆ ಎಂದು ಕಣ್ಣಲ್ಲಿ ನೀರು ಹಾಕಿದರಂತೆ.

ಜಯರಾಮ ಮಾಡಿಕೊಡುತ್ತೇನೆ ಎಂದ. ಮೂಲೆಗೆ ಬಿದ್ದಿದ್ದ ರಸ್ತೆ ಕೆಲಸದ ಯಂತ್ರವೊಂದರಿಂದ ಪಂಪು, ಸಿಲಿಂಡರು ತಂದು ಹೈಡ್ರಾಲಿಕ್ ಸ್ಟೇರಿಂಗ್ ಕೂರಿಸುವ ಯೋಚನೆ. ಎಂಜಿನ್ ಓಡುತ್ತಿದ್ದರೆ ಎಣ್ಣೆಯೇ ಗಾಲಿಯನ್ನು ತಳ್ಳುತ್ತದೆ, ನಮ್ಮ ಕಡೆಯಿಂದ ಎರಡು ಬೆರಳು ಸಾಕು. ಆದರೆ ಆ ಒತ್ತಡಕ್ಕೆ ಮುಂದಿನ ಆಕ್ಸಲ್, ಅಂದರೆ ಗಾಲಿಗಳ ಅಚ್ಚು, ಗಟ್ಟಿ ಇರಬೇಕು. ಜೀಪಿನದು ಸೀಳು ಬಿಟ್ಟಿತ್ತು. ಎಲ್ಲ ಕಡೆ ಹುಡುಕಿ ಕಡೆಗೆ ಗುಜರಿಯಲ್ಲಿ ಒಂದು ಸಿಕ್ಕಿತು. ಅಗಲ ಹೆಚ್ಚಾಗಿತ್ತು. ಕತ್ತರಿಸಿ, ಬೆಸುಗೆ ಹಾಕಿ, ಅಳತೆಗೆ ತಂದು ಕೂರಿಸಿದ.

ಅದು ಬೀರಯ್ಯನ ಗಾಡಿಯ ಆಕ್ಸಲ್. ಕುಣಿಗಲ್ ಕಡೆಯ ಡ್ರೈವರ್ ಬೀರಯ್ಯ ಎರಡು ವರ್ಷದ ಹಿಂದೆ ಅದೇ ತಿರುವಿನಲ್ಲಿ ಸ್ಟೇರಿಂಗ್ ತಿರುಗದೆ ಗಾಡಿ ಸಮೇತ ಅದೇ ಬಾವಿಗೆ ಹೋಗಿದ್ದ. ಸತ್ತವರ ಗಾಡಿಯ ಸಾಮಾನು ಹಾಕುವಾಗ ಗಿರಾಕಿಗೆ ಹೇಳಿ, ಸತ್ತವನ ಹೆಸರಿನಲ್ಲಿ ಒಂದು ಕಾಯಿ ಒಡೆಯುವುದು ಜಯರಾಮನ ಪದ್ಧತಿ. ಈ ಸಲ ಹೇಳಲಿಲ್ಲ. ಹೇಳಿದರೆ ಬೇಡ ಎಂದುಬಿಟ್ಟಾರು, ಇನ್ನೊಂದು ಆಕ್ಸಲ್ ಎಲ್ಲಿಂದ ತರಲಿ ಎಂದು.

ಬಾಗಿಲು ತೆಗೆದ ಹೆಂಡತಿ ಕೌಸಲ್ಯ ಅವನ ಮುಖ ನೋಡಿ ಪಿಸುಗುಟ್ಟಿದಳು.

"ಹೇಳಿದ್ರಾ ಅವರಿಗೆ?"

"ನಾಳೆ."

"ನೆನ್ನೇನೂ ನಾಳೆ ಅಂದ್ರಿ."

ಮಾರನೇ ದಿನ ಶುಕ್ರವಾರ. ಶಿವರಾಮಯ್ಯನವರು ಸಂಜೆಗೇ ಬಂದು ಕೂತರು, ಶನಿವಾರದ ಕಾಯಿಬುಟ್ಟಿಯನ್ನೂ ತಂದಿದ್ದರು. ಕೆಲಸ ಮುಗಿದಾಗ ರಾತ್ರಿ ಒಂಬತ್ತೂವರೆ. ನಿಮ್ಮನ್ನು ಗೂಳೂರಿಗೆ ಬಿಟ್ಟು ನಿಮ್ಮ ಮನೆಯಲ್ಲೇ ಮಲಗಿ ಬೆಳಿಗ್ಗೆ ದುರ್ಗಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದು ತಾವೇ ಕೂತರು. ಬಲಗೈಯ ಎರಡು ಬೆರಳಲ್ಲಿ ಚಕ್ರ ತಿರುಗಿಸಿ, "ನಮ್ಮ ಮನೆಯೋಳೂ ಇಷ್ಟು ಮಾತು ಕೇಳಾಕಿಲ್ಲ ಸ್ವಾಮಿ" ಎಂದು ನಕ್ಕರು. ಜಯರಾಮ ನಗಲಿಲ್ಲ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದ.

ಇಳಿಜಾರು ಬಂತು. ಎಂಜಿನ್... ನಿಂತುಹೋಯಿತು.

ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ. ಪಂಪು ನಿಂತರೆ ಆ ಸ್ಟೇರಿಂಗು ಕಲ್ಲು. ಬ್ರೇಕ್ ಒತ್ತಿದರು. ಗಾಲಿ ಜಲ್ಲಿಯ ಮೇಲೆ ಜಾರಿತು. ಮಂಕು ದೀಪದಲ್ಲಿ ತಿರುವು ಹತ್ತಿರ ಬರುತ್ತಿತ್ತು.

ಆಗ ಚಕ್ರ ತಾನಾಗಿಯೇ ತಿರುಗತೊಡಗಿತು. ಕಿರ್ರೆನ್ನಲಿಲ್ಲ. ಒಳಗೆ ಎಲ್ಲೋ ನೀರು ಹರಿದ ಹಾಗೆ... ಸ್ಸ್ಸ್... ಅಷ್ಟೆ. ಬೀರಯ್ಯ ಎಳೆದುಕೊಳ್ಳುತ್ತಿದ್ದಾನೆ, ಬಿಡಬಾರದು... ಇಷ್ಟೇ ಜಯರಾಮನ ತಲೆಯಲ್ಲಿ. ಚಕ್ರ ಯಾವ ಕಡೆ ತಿರುಗುತ್ತಿದೆ, ಬಾವಿ ಯಾವ ಕಡೆಗಿದೆ, ಒಂದೂ ನೋಡಲಿಲ್ಲ. ಎರಡೂ ಕೈ ಹಾಕಿ ಅದರ ವಿರುದ್ಧ ಜಗ್ಗಿದ.

ಶಿವರಾಮಯ್ಯನವರು ಉಸಿರಿನಲ್ಲೇ ಹೇಳಿದರು.

"ಕೈ ಬುಡಿ ಸ್ವಾಮಿ... ಬಾವಿ ಕಡೆ ಎಳೀತಿರೋರು ನೀವು."

ಜಯರಾಮ ಕೈ ಬಿಟ್ಟ. ಸ್ವಾಮಿಯೇ ಬಿಡಿಸಿದ ಎನ್ನುತ್ತೇನೆ ನಾನು. ಚಕ್ರ ಪೂರ್ತಿ ಬಲಕ್ಕೆ ಹೊರಳಿತು. ಎಡಗಾಲಿಯ ಕೆಳಗಿನ ಮಣ್ಣು ಕುಸಿದು ಒಂದು ಕಲ್ಲು ಉರುಳಿತು... ಎಷ್ಟೋ ಹೊತ್ತಿನ ಮೇಲೆ... ಡುಳುಂ. ಜೀಪು ರಸ್ತೆಯ ಮಧ್ಯೆ, ಗೂಳೂರಿಗೆ ಮುಖ ಮಾಡಿ ನಿಂತಿತ್ತು.

ಜಯರಾಮ ಅಲ್ಲೇ ಎಲ್ಲ ಹೇಳಿ ಅತ್ತುಬಿಟ್ಟ. ಶಿವರಾಮಯ್ಯನವರು ಬಯ್ಯಲಿಲ್ಲ. ತೊಡೆಯ ಮೇಲೆ ಬಿದ್ದಿದ್ದ ತಮ್ಮ ಎಡಗೈಯನ್ನು ನೋಡಿಕೊಂಡರಂತೆ.

"ಪಾಪ... ಆವತ್ತು ತಿರುಗ್ಲಿಲ್ಲ ಅಂತ ಇನ್ನೂ ತಿರುಗಿಸ್ತಾನೇ ಅವ್ನೆ."

ಇಳಿದು, ಸ್ವಾಮಿಗೆಂದು ತಂದ ಬುಟ್ಟಿಯಿಂದ ಒಂದು ಕಾಯಿ ತೆಗೆದು ಬಾವಿಯ ಅಂಚಿನಲ್ಲಿ ಜಯರಾಮನ ಕೈಯಲ್ಲಿ ಒಡೆಸಿದರು. ಆಕ್ಸಲ್ ಬಿಚ್ಚಿಕೊಡಲೇ ಎಂದು ಜಯರಾಮ ಕೇಳಿದ್ದಕ್ಕೆ ಬೇಡ ಎಂದರು. ನನಗೂ ಒಂದು ಕೈ ಕಡಿಮೆ ಇದೆ, ಇರಲಿ ಎಂದರು.

ಬೆಳಿಗ್ಗೆ ಜಯರಾಮ ನನಗೆ ಹೇಳಿಕಳಿಸಿದ. ನಾನು ಸ್ನಾನ ಸಂಧ್ಯಾವಂದನೆ ಮುಗಿಸಿ ಹೋದೆ. ಜೀಪು ತಿರುವಿನಲ್ಲೇ ಇತ್ತು. ಎಂಜಿನ್ ನಿಂತ ಮೇಲೂ ಚಕ್ರ ತಿರುಗಿದ್ದು ಹೇಗೆ ಎಂದು ನೋಡಲು ಅವನು ಸಿಲಿಂಡರಿನ ಪೈಪು ಬಿಚ್ಚುತ್ತಿದ್ದ. ಆ ಸಿಲಿಂಡರಿಗೆ ಹಾಕಿದ ಎಣ್ಣೆಯನ್ನು ಗುರುವಾರ ಗ್ಯಾರೇಜಿಗೆ ಹೋಗಿದ್ದಾಗ ನನ್ನ ಹಳೇ ಪಂಚೆಯ ತುಂಡಿನಲ್ಲಿ ಸೋಸಿಕೊಟ್ಟವನು ನಾನೇ. ಅವನು ಹಾಕಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಕೆಳಗೆ ತಂಬಿಗೆ ಹಿಡಿದವನೂ ನಾನೇ.

ಒಂದು ತೊಟ್ಟು ಎಣ್ಣೆ ಬರಲಿಲ್ಲ. ತಂಬಿಗೆ ತುಂಬ ನೀರು ಬಂತು. ತಣ್ಣನೆಯ ನೀರು... ಮೇಲೆ ಒಂದು ಎಳೆ ಹಸಿರು ಪಾಚಿ ತೇಲುತ್ತಿತ್ತು.