ಎರವಲು ಒಯ್ದ ಕಾರ್ಡು

ಗಂಡನ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವನು ಗೇಮ್ ಆಡಲೆಂದು ಎರವಲು ತಂದಿದ್ದ ಗ್ರಾಫಿಕ್ಸ್ ಕಾರ್ಡನ್ನು ಹಿಡಿದು ಚಂದನಾ ಹೊನ್ನಾವರದ ಕಂಪ್ಯೂಟರ್ ಅಂಗಡಿಗೆ ಹೋದಳು. ಒಳಗೆ ಗಿರಾಕಿ ದೇವು ಅಂಗಡಿಯ ಪ್ರಕಾಶನ ಮೇಲೆ ಸಿಡಿಯುತ್ತಿದ್ದ.

“ಎಂತ ಮಾರಾಯ್ರೆ, ಇದು ಗೇಮಿನ ಕಂಪ್ಯೂಟರಾ? ರೇಸಿನ ಕಾರು ಹೊಳೆ ದಾಟೂ ಬಾರ್ಜಿನ ಹಾಂಗೆ ತೆವಳ್ತದೆ!”

“ಅದರ ಕಾರ್ಡು ಒಬ್ರು ಒಯ್ದಿದ್ದಾರೆ. ಬಂದ್ಮೇಲೆ ಓಡ್ತದೆ.”

“ಇಲ್ಲದ ಕಾರ್ಡಿಗೂ ಸೇರಿಸಿ ರೇಟು ಹೇಳ್ತ್ರಿ! ಒಯ್ದವ್ರಿಗಾದ್ರೂ ನಾಚಿಕೆ ಬೇಡ್ವಾ?”

ಬಾಗಿಲಲ್ಲಿ ಚಂದನಾಳನ್ನು ಕಂಡ ಪ್ರಕಾಶ ತಲೆ ತಗ್ಗಿಸಿದ. ಅವಳು ಕಾರ್ಡನ್ನು ಮೇಜಿನ ಮೇಲಿಟ್ಟಳು.

“ನೀವಾ ಒಯ್ದದ್ದು?” ಎಂದ ದೇವು.

“ನಮ್ಮನೆಯವರು.”

“ಹಾಕಿಡಿ ಪ್ರಕಾಶಣ್ಣ, ಸಂಜೆ ಆಡಿ ನೋಡಿಯೇ ತಕಂಬುದು.” ಮೆಟ್ಟಿಲಿಳಿಯುತ್ತ ದೇವು ತಿರುಗಿದ. “ನಿಮ್ಮನೆಯವರಿಗೆ ಹೇಳಿ ಅಕ್ಕಾ, ಮಂದಿ ಸಾಮಾನು ಹೀಂಗೆ ಇಟ್ಕಂಬುಕಾಗ!”

“ಹೇಳ್ತೇನೆ,” ಎಂದಳು ಚಂದನಾ.